ದನಿ ಕೇಳಿಸಿದರೂ ಮಾತು ತಿಳಿಯದಿರುವುದೇಕೆ

70 ದಾಟಿದ ತಮ್ಮ ತಂದೆಯವರು ‘ದನಿ ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ’ ಎನ್ನುತ್ತಾರೆ, ಇದು ಅವರ ಅಲಕ್ಷ್ಯವೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಗೆ ಭಾವಿಸಬೇಡಿ. ಅವರ ಮಾತು ಅಕ್ಷರಶಃ ನಿಜವಿರಬಹುದು. ಹುಟ್ಟುವಾಗ ನಮ್ಮ ಒಂದೊಂದು ಒಳಕಿವಿಯಲ್ಲೂ ಧ್ವನಿಯನ್ನು ಗ್ರಹಿಸುವ ಸುಮಾರು 15,000 ರೋಮಕೋಶಗಳಿರುತ್ತವೆ. ಮನುಷ್ಯರಲ್ಲಿ ಇವು ಒಮ್ಮೆ ನಾಶವಾದರೆ ಮತ್ತೆ ಹುಟ್ಟುವುದಿಲ್ಲ, ಮತ್ತು ವಯಸ್ಸಾದಂತೆ ಸಾಮಾನ್ಯವಾಗಿ ಮೊದಲು ಕುಂದುವುದು ಹೆಚ್ಚಿನ ಕಂಪನಾಂಕದ, ಎಂದರೆ ಕೀಚಲಾದ, ಧ್ವನಿಗಳನ್ನು ಗ್ರಹಿಸುವ ಕೋಶಗಳೇ. ಸ್ವರಗಳ ಬಲ ಬಹುಪಾಲು ಕೆಳಗಿನ ಕಂಪನಾಂಕಗಳಲ್ಲಿರುವುದರಿಂದ ಅವು ಉಳಿಯುತ್ತವೆ, ಮೇಲಿನ ಕಂಪನಾಂಕಗಳನ್ನು ಅವಲಂಬಿಸಿದ ವ್ಯಂಜನಗಳು ಮಸುಕಾಗುತ್ತವೆ; ‘ಸಾಲು’, ‘ಕಾಲು’, ‘ಹಾಲು’ ಮೂರೂ ಹೆಚ್ಚುಕಡಿಮೆ ಒಂದೇ ಆಗಿ ಕೇಳಿಸಬಹುದು. ಸುತ್ತ ಗದ್ದಲವಿದ್ದರಂತೂ ಕಷ್ಟ ಇಮ್ಮಡಿಯಾಗುತ್ತದೆ.

ಕೂಗಿ ಹೇಳುವುದರಿಂದ ಪ್ರಯೋಜನ ಕಡಿಮೆ, ಏಕೆಂದರೆ ಕೂಗಿದಾಗ ಹಿಗ್ಗುವುದು ಮುಖ್ಯವಾಗಿ ಸ್ವರಗಳೇ. ಮೇಲಾಗಿ, ಇಂಥ ಕಿವಿಗೆ ಜೋರು ದನಿ ಬೇಗನೆ ಅಸಹನೀಯವೆನಿಸುತ್ತದೆ. ಟಿ.ವಿ. ಆರಿಸಿ, ತುಟಿ ಕಾಣುವಂತೆ ಎದುರು ಕುಳಿತು, ತುಸು ನಿಧಾನವಾಗಿ ಮಾತನಾಡಿ. ತಿಳಿಯದಿದ್ದರೆ ಅದೇ ಪದವನ್ನು ಒತ್ತಿ ಹೇಳುವ ಬದಲು ವಾಕ್ಯವನ್ನೇ ಬದಲಿಸಿ. ಕಿವಿಯ ಗುಗ್ಗೆ ಕಟ್ಟಿರುವುದೂ ಕಾರಣವಿರಬಹುದಾದ್ದರಿಂದ ಕಿವಿ ವೈದ್ಯರಿಗೆ ತೋರಿಸಿ, ಶ್ರವಣ ಪರೀಕ್ಷೆ ಮಾಡಿಸಿ. ಒಂದೇ ಕಿವಿ ಹಠಾತ್ತಾಗಿ ಮಂದವಾದರೆ ಮಾತ್ರ ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕದೆ ಅಂದೇ ವೈದ್ಯರನ್ನು ಕಾಣಿರಿ.