ಸದ್ದು ಹೇಗಿದೆ ಅನ್ನಬೇಡಿ, ಯಾವಾಗ ಬರುತ್ತದೆ ಹೇಳಿ

ಈ ಸಲದ ಓದುಗರ ಪತ್ರಗಳಲ್ಲೂ ಅದೇ ಪ್ರಶ್ನೆ. ‘ಸೆಕೆಂಡ್ ಹ್ಯಾಂಡ್ ಕಾರು ತಗೊಂಡೆ, ಎಂಜಿನ್ನಿಂದ ಏನೋ ಸದ್ದು ಬರುತ್ತದೆ, ಏನಿರಬಹುದು?’ ಏನೋ ಸದ್ದು ಅಂದರೆ ನಾನೂ ಏನೋ ಹೇಳಬೇಕಾಗುತ್ತದೆ, ಅಲ್ವಾ? ಕೆಲವರು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕಳಿಸುತ್ತಾರೆ. ಆ ಮೈಕು ಮಾತಾಡುವುದಕ್ಕೆ ಮಾಡಿದ್ದು. ಒಳಗಿಂದ ಬರುವ ದಪ್ಪ ಸದ್ದು ಅದರಲ್ಲಿ ಸರಿಯಾಗಿ ಸಿಗುವುದೇ ಇಲ್ಲ. ದಯವಿಟ್ಟು ಕಳಿಸಬೇಡಿ.

ಪ್ರಶ್ನೆ: ಎರಡು ತಿಂಗಳ ಹಿಂದೆ ಹಳೆಯ ಪೆಟ್ರೋಲ್ ಕಾರು ಕೊಂಡೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಕಟಕಟ ಅನ್ನುತ್ತದೆ, ಆಮೇಲೆ ನಿಲ್ಲುತ್ತದೆ. ಒಬ್ಬ ಮೆಕ್ಯಾನಿಕ್ ಎಂಜಿನ್ ಇಳಿಸಬೇಕು ಅಂತಾನೆ, ಇನ್ನೊಬ್ಬ ದಪ್ಪ ಆಯಿಲ್ ಹಾಕಿಸಿ ಅಂತಾನೆ. ಯಾರನ್ನು ನಂಬಲಿ?

ಉತ್ತರ: ಸದ್ಯಕ್ಕೆ ಇಬ್ಬರನ್ನೂ ನಂಬಬೇಡಿ. ‘ಆಮೇಲೆ’ ಅಂದರೆ ಎಷ್ಟು ಹೊತ್ತಿಗೆ? ಎರಡು ಸೆಕೆಂಡಿಗೋ, ಐದು ನಿಮಿಷಕ್ಕೋ? ಬರೆಯಬೇಕಾಗಿದ್ದದ್ದು ಅದನ್ನು.

ಎರಡು ಮೂರು ಸೆಕೆಂಡಿನಲ್ಲೇ ನಿಂತರೆ, ಆಯಿಲ್ ಮೇಲೆ ತಲುಪುವುದು ತಡವಾಗುತ್ತಿದೆ ಅಂತ ಅನುಮಾನಿಸಿ. ರಾತ್ರಿ ಕಾರು ನಿಂತಿದ್ದಾಗ ಆಯಿಲ್ ಎಂಜಿನ್ನಿನ ಕೆಳಗಿನ ತೊಟ್ಟಿಗೆ (ಸಂಪ್) ಇಳಿದಿರುತ್ತದೆ. ಎಂಜಿನ್ ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ತೆರೆಸುವ ಟೈಮಿಂಗ್ ಚೈನನ್ನು ಬಿಗಿ ಹಿಡಿಯುವ ಟೆನ್ಷನರ್ ಎಷ್ಟೋ ಎಂಜಿನ್‌ಗಳಲ್ಲಿ ಆಯಿಲ್ ಒತ್ತಡದ ಮೇಲೇ ನಡೆಯುತ್ತದೆ. ಒತ್ತಡ ಏರುವ ತನಕ ಸಡಿಲ ಚೈನ್ ಗೈಡಿಗೆ ಬಡಿಯುತ್ತದೆ. ಕೆಲವು ಸಲ ತಪ್ಪು ಬರೀ ಫಿಲ್ಟರಿನದು. ಆಯಿಲ್ ಹಿಂದಕ್ಕೆ ಇಳಿಯದಂತೆ ತಡೆಯುವ ರಬ್ಬರ್ ವಾಲ್ವ್ ಕಳಪೆ ಫಿಲ್ಟರಿನಲ್ಲಿ ಬೇಗ ಗಟ್ಟಿಯಾಗುತ್ತದೆ. ಮೊದಲು ಒಳ್ಳೆಯ ಫಿಲ್ಟರ್, ಕಾರಿನ ಪುಸ್ತಕದಲ್ಲಿ ಹೇಳಿದ ಗ್ರೇಡಿನ ಆಯಿಲ್ ಹಾಕಿಸಿ. ಆಮೇಲೂ ದಿನಾ ಸದ್ದು ಬಂದರೆ ಚೈನ್ ಬಿಚ್ಚಿ ನೋಡಿಸಿ. ಅದು ಹಲ್ಲು ಜಾರಿದರೆ ಅನೇಕ ಎಂಜಿನ್‌ಗಳಲ್ಲಿ ಪಿಸ್ಟನ್ ಹೋಗಿ ವಾಲ್ವಿಗೆ ಗುದ್ದುತ್ತದೆ. ಆಗ ಎಂಜಿನ್ ಇಳಿಸು ಅಂದವನ ಮಾತೇ ನಿಜವಾಗುತ್ತದೆ.

ಐದಾರು ನಿಮಿಷದಲ್ಲಿ ಎಂಜಿನ್ ಬಿಸಿಯಾಗುತ್ತಾ ಸದ್ದು ಕರಗಿದರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್, ಅಂದರೆ ಎಂಜಿನ್ನಿಂದ ಹೊಗೆ ಹೊರಹೋಗುವ ಕೊಳವೆ ನೋಡಿ. ಅದರ ಸಂದು ಮುಚ್ಚುವ ಗ್ಯಾಸ್ಕೆಟ್ ಹತ್ತಿರ ಮಸಿಯ ಗೆರೆ ಕಂಡರೆ ಅಲ್ಲೇ ಲೀಕ್. ಲೋಹ ಹಿಗ್ಗಿದಾಗ ಸಂದು ಮುಚ್ಚುತ್ತದೆ, ಅಷ್ಟೇ. ಮಸಿ ಇಲ್ಲದಿದ್ದರೆ ಸಿಲಿಂಡರಿನಲ್ಲಿ ಪಿಸ್ಟನ್ ಅಲ್ಲಾಡುತ್ತಿರಬಹುದು. ಬಿಸಿಯಾದ ಮೇಲೆ ಪೂರ್ತಿ ನಿಂತರೆ ಅದಕ್ಕೆ ನಿದ್ದೆ ಕೆಡಬೇಕಾಗಿಲ್ಲ.

ಹೆದರಬೇಕಾದ್ದು ಇದಕ್ಕೆ ಉಲ್ಟಾ ಇರುವುದಕ್ಕೆ. ತಣ್ಣಗಿದ್ದಾಗ ಸುಮ್ನಿದ್ದು, ಬಿಸಿಯಾದಂತೆ ಜಾಸ್ತಿಯಾಗುವ, ಆಕ್ಸಿಲರೇಟರ್ ಒತ್ತಿದರೆ ಇನ್ನೂ ಗಟ್ಟಿಯಾಗುವ ದಪ್ಪ ಟಕ್ ಟಕ್. ಪಿಸ್ಟನ್ನನ್ನು ಕ್ರ್ಯಾಂಕಿಗೆ (ಎಂಜಿನ್ನಿನ ಮುಖ್ಯ ತಿರುಗುವ ದಂಡಕ್ಕೆ) ಜೋಡಿಸುವ ಕನೆಕ್ಟಿಂಗ್ ರಾಡಿನ ಬೇರಿಂಗ್ ಸವೆದಿದೆ, ಬಿಸಿ ಆಯಿಲ್ ತೆಳ್ಳಗಾಗಿ ಅದನ್ನು ಕಾಪಾಡುತ್ತಿಲ್ಲ. ಇದನ್ನು ಟ್ಯಾಪೆಟ್ (ವಾಲ್ವ್ ಒತ್ತುವ ಭಾಗ) ಸದ್ದು ಅಂತ ತಪ್ಪು ತಿಳಿಯಬೇಡಿ. ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಟ್ಯಾಪೆಟ್ ನಡೆಸುವ ಕ್ಯಾಮ್ ತಿರುಗುವುದು ಒಂದೇ ಸುತ್ತು. ಟ್ಯಾಪೆಟ್ ಟಿಕ್ ಟಿಕ್ ಹಗುರ, ಹೀಗಾಗಿ ತಾಳವೂ ಅರ್ಧ. ರಾಡ್ ಸದ್ದು ಅಂತ ಅನುಮಾನ ಬಂದರೆ ಗಾಡಿ ಓಡಿಸಬೇಡಿ, ಟೋ ಮಾಡಿಸಿ. ನಾನು ಈ ವಿಷಯದಲ್ಲಿ ಪುಕ್ಕಲ ಅಂತಲೇ ಅಂದುಕೊಳ್ಳಿ.

ದಪ್ಪ ಆಯಿಲಿನ ವಿಷಯ. ಅದು ಸದ್ದನ್ನು ಮುಚ್ಚುತ್ತದೆ, ಸವೆತವನ್ನಲ್ಲ. ನಾನೂ ಒಮ್ಮೆ ಮೋಸ ಹೋದವನೇ. ಕಾರು ನೋಡಲು ಹೋದಾಗ ಬಾನೆಟ್ ಆಗಲೇ ಬೆಚ್ಚಗಿತ್ತು, ಎಂಜಿನ್ ಬೆಣ್ಣೆಯಂತಿತ್ತು. ಮನೆಗೆ ತಂದು ಒಳಗಿದ್ದ ದಪ್ಪ ಆಯಿಲ್ ತೆಗೆದು ಸರಿಯಾದ್ದು ಹಾಕಿದೆ, ಬಿಸಿಯಾಗುತ್ತಿದ್ದಂತೆ ಟಕ್ ಟಕ್ ಶುರುವಾಯಿತು. ಹಳೆ ಫಿಲ್ಟರ್ ಕೊಯ್ದು ಒಳಗಿನ ಕಾಗದವನ್ನು ಬಿಸಿಲಿಗೆ ಬಿಡಿಸಿ ಹಿಡಿದೆ. ಮಡಿಕೆ ಮಡಿಕೆಯಲ್ಲೂ ತಾಮ್ರದ ಬಣ್ಣದ ಚೂರು. ಬೇರಿಂಗಿನ ಮೇಲಿನ ಪದರ ಸವೆದು ಒಳಗಿನದು ಉದುರುತ್ತಿತ್ತು. ಬಾನೆಟ್ ಬೆಚ್ಚಗಿದ್ದರೆ ತಣ್ಣಗಿದ್ದಾಗಿನ ಸದ್ದೂ ಕೇಳಿಸುವುದಿಲ್ಲ. ಅಂದಿನಿಂದ ಬಾನೆಟ್ ತಣ್ಣಗಿಲ್ಲದಿದ್ದರೆ ನಾನು ಮಾತೇ ಆಡುವುದಿಲ್ಲ, ಇನ್ನೊಂದು ದಿನ ಬರುತ್ತೇನೆ ಅಂತ ಎದ್ದು ಬರುತ್ತೇನೆ.

ಪ್ರಶ್ನೆ: ಆಯಿಲಿಗೆ ಬೆರೆಸುವ ಔಷಧಿ (ಅಡಿಟಿವ್) ಒಂದು ಬಾಟಲಿ ಸುರಿದರೆ ಎಂಜಿನ್ ಸದ್ದು ಹೋಗುತ್ತದಂತೆ, ನಿಜವೇ?

ಉತ್ತರ: ಸವೆದ ಲೋಹ ಬಾಟಲಿಯಿಂದ ಬೆಳೆಯುವುದಿಲ್ಲ.

ಪ್ರಶ್ನೆ: ಏರು ಹತ್ತುವಾಗ ಮಾತ್ರ ಟಿಣಿಟಿಣಿ ಅನ್ನುತ್ತದೆ.

ಉತ್ತರ: ಗೇರ್ ಇಳಿಸಿ. ಆಮೇಲೂ ಬಂದರೆ ಪೆಟ್ರೋಲಿನ ಆಕ್ಟೇನ್ (ತಾನಾಗಿ ಹೊತ್ತಿಕೊಳ್ಳದೆ ತಡೆಯುವ ಗುಣ), ಒಳಗೆ ಕಟ್ಟಿದ ಕಾರ್ಬನ್ ಎರಡನ್ನೂ ನೋಡಿಸಿ.

ಪ್ರಶ್ನೆ: ಬೆಲ್ಟ್ ಕೀಚ್ ಅನ್ನುತ್ತದೆ, ಸೋಪು ಉಜ್ಜಬಹುದೇ?

ಉತ್ತರ: ಯಾರು ಹೇಳಿಕೊಟ್ಟರು ಇದನ್ನು? ದೂರದಿಂದ ಸ್ವಲ್ಪ ನೀರು ಚಿಮುಕಿಸಿ. ಸದ್ದು ಜಾಸ್ತಿಯಾದರೆ ಬೆಲ್ಟ್ ಸಡಿಲ, ತುಸು ಹೊತ್ತು ನಿಂತು ಮತ್ತೆ ಬಂದರೆ ಪುಲ್ಲಿ ಸಾಲು ತಪ್ಪಿದೆ. ಕೈ ಮಾತ್ರ ಒಳಗೆ ಹಾಕಬೇಡಿ.