ಪಾಯಿಂಟ್ಸ್ ಜಾಸ್ತಿ ಇದ್ದರೂ ಹುಡುಗ ಹಿಂದೆ ಯಾಕೆ?

ಐಸ್ ಹಾಕಿಯಲ್ಲಿ ಎನ್‌ಎಚ್‌ಎಲ್ (ಉತ್ತರ ಅಮೆರಿಕದ ದೊಡ್ಡ ವೃತ್ತಿಪರ ಲೀಗ್) ತಂಡಗಳು ಪ್ರತಿ ವರ್ಷ ಡ್ರಾಫ್ಟ್‌ನಲ್ಲಿ ಸರದಿಯಂತೆ ಯುವ ಆಟಗಾರರನ್ನು ಆರಿಸಿಕೊಳ್ಳುತ್ತವೆ. ಕೆನಡಾದ ಒಂಟಾರಿಯೊ ಜೂನಿಯರ್ ಲೀಗಿನಲ್ಲಿ ಅಷ್ಟೊಂದು ಪಾಯಿಂಟ್ಸ್ (ಗೋಲ್ ಮತ್ತು ಗೋಲಿಗೆ ನೆರವಾದ ಪಾಸ್‌ಗಳ ಲೆಕ್ಕ) ತೆಗೆದ ಹುಡುಗನೊಬ್ಬ ಆ ಡ್ರಾಫ್ಟಿನ ಅಂದಾಜು ಪಟ್ಟಿಗಳಲ್ಲಿ ಹಿಂದಿದ್ದರೆ, ಬಹುಶಃ ಅವನ ವಯಸ್ಸು ಜಾಸ್ತಿ ಇರುವುದೇ ಕಾರಣ. ಮೊದಲು ಹುಟ್ಟಿದ ದಿನ ನೋಡಿ. ಸೆಪ್ಟೆಂಬರ್ 15ರೊಳಗೆ 18 ತುಂಬಿದರೆ ಆ ವರ್ಷದ ಡ್ರಾಫ್ಟ್, ಒಂದು ದಿನ ತಡವಾದರೂ ಮುಂದಿನ ವರ್ಷ. ಹಾಗಾಗಿ ಒಂದೇ ಡ್ರಾಫ್ಟಿನ ಹುಡುಗರ ನಡುವೆ ಹೆಚ್ಚುಕಡಿಮೆ ಒಂದು ವರ್ಷದ ಅಂತರ ಇರಬಹುದು. ನಮ್ಮ ತುಮಕೂರಿನ ಶಾಲಾ ಕಬಡ್ಡಿಯಲ್ಲಿ ಒಂಬತ್ತನೇ ಕ್ಲಾಸಿನವನ ಎದುರು ಹತ್ತನೇ ಕ್ಲಾಸಿನವನು ನಿಂತ ಹಾಗೆ ಅಲ್ವಾ? ಹಿಂದಿನ ವರ್ಷದ ಡ್ರಾಫ್ಟಿನಲ್ಲಿ ಯಾರೂ ಆರಿಸದೆ ಉಳಿದ, ಇನ್ನೂ ದೊಡ್ಡವನೂ ಆಗಿರಬಹುದು.

ಆಮೇಲೆ ಪವರ್ ಪ್ಲೇ ಪಾಯಿಂಟ್ಸ್ ಕಳೆಯಿರಿ. ಎದುರು ತಂಡದಲ್ಲಿ ಆಳು ಕಡಿಮೆ ಇದ್ದಾಗ ಬಂದದ್ದು ಅದು. ಐವರಿಗೆ ಐವರು ಆಡುವಾಗ ಎಷ್ಟು ಬಂತು ಅನ್ನೋದೇ ನನಗೆ ಮುಖ್ಯ.

ಕೊನೆಗೆ ಸುಮ್ನೆ ಹೈಲೈಟ್ಸ್ ನೋಡಬೇಡಿ, ಎರಡು ಮೂರು ಪೂರ್ತಿ ಪಂದ್ಯ ನೋಡಿ. ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ಕೈತಪ್ಪಿದಾಗ ತನ್ನ ಗೋಲ್ ಕಡೆ ವಾಪಸ್ ಧಾವಿಸುತ್ತಾನಾ? ಹೌದಾದರೆ ನಿಮ್ಮ ಪಟ್ಟಿಯಲ್ಲಿ ಮೇಲೆಯೇ ಇಡಿ.