ತೂಕಕ್ಕಿಂತ ಫೈಲ್ ಭಾರ ಇರಬೇಕು

ನಿಮ್ಮ ಪತ್ರ ಓದಿದೆ. ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದು ನಾಲ್ಕು ತಿಂಗಳು. ಎತ್ತರ 172 ಸೆಂಟಿಮೀಟರ್, ತೂಕ 121 ಕಿಲೋ. ರಾತ್ರಿ ಗೊರಕೆ, ಬಿಪಿ ಮಾತ್ರೆ ಬೇರೆ ಶುರುವಾಗಿದೆ. "ಅಕ್ಕಾ, ಇಲ್ಲಿ ತೂಕ ಇಳಿಸೋ ಆಪರೇಷನ್ ಪಬ್ಲಿಕ್ ಇನ್ಶೂರೆನ್ಸ್‌ನಲ್ಲೇ ಆಗುತ್ತಂತೆ, ಹೌದಾ? ಇಲ್ಲ ರಜೆ ಹಾಕಿ ಬೆಂಗಳೂರಲ್ಲೇ ಮಾಡಿಸಿಕೊಂಡು ಬರಲಾ?" ಅಂತ ಕೇಳಿದ್ದೀರಿ.

ಹೌದು, ಆಗುತ್ತದೆ. ನನಗೂ ಆಯಿತು, 2019ರಲ್ಲಿ, ನ್ಯೂರ್ನ್‌ಬರ್ಗ್‌ನಲ್ಲಿ. ಆದರೆ ಮೊದಲ ಸಲ 'ಆಗುವುದಿಲ್ಲ' ಅಂತ ಕಾಗದ ಬಂದಿತ್ತು. ಅದನ್ನೇ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನಾನು ಮಾಡಿದ ತಪ್ಪು ನಮ್ಮ ಕಡೆಯವರು ಯಾರು ಬೇಕಾದರೂ ಮಾಡುವಂಥದ್ದು.

ಮೊದಲು ಲೆಕ್ಕ. ನಿಮ್ಮ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿ ತೂಕ ಅಳೆಯುವ ಅಂಕಿ, ಸುಮಾರು 41. ಇಲ್ಲಿನ ವೈದ್ಯರ 2018ರ ಮಾರ್ಗಸೂಚಿ ಪ್ರಕಾರ ಲೆಕ್ಕ ಹೀಗಿದೆ. ಬಿಎಂಐ 40 ದಾಟಿದ್ದರೆ ಬೇರೆ ಕಾಯಿಲೆ ಇಲ್ಲದಿದ್ದರೂ ಆಪರೇಷನ್‌ಗೆ ದಾರಿ ಇದೆ. 35 ದಾಟಿದ್ದರೆ ಜೊತೆಗೆ ಶುಗರ್, ಬಿಪಿ, ನಿದ್ರೆಯಲ್ಲಿ ಉಸಿರು ಕಟ್ಟುವುದು, ಇಂಥದ್ದೇನಾದರೂ ಇರಬೇಕು. ಆದರೆ ಎರಡಕ್ಕೂ ಒಂದು ಷರತ್ತು: ಊಟ, ವ್ಯಾಯಾಮ, ಅಭ್ಯಾಸ ಬದಲಿಸಿ ನೋಡಿದ್ದೇನೆ, ಸಾಲಲಿಲ್ಲ ಅಂತ ತೋರಿಸಬೇಕು. ಬಿಎಂಐ 50 ದಾಟಿದವರಿಗೆ ಆ ಷರತ್ತು ಇಲ್ಲದೆಯೂ ಆಗಬಹುದು. ಆಪರೇಷನ್ ಅನ್ನುವುದು ಕಡೆಯ ದಾರಿ, ಬೇರೆ ದಾರಿ ಮುಗಿದಿದ್ದರೆ ವಿಮೆ ಕೊಡಲೇಬೇಕು ಅಂತ ಇಲ್ಲಿನ ಅತ್ಯುನ್ನತ ಸಾಮಾಜಿಕ ನ್ಯಾಯಾಲಯ 2003ರಲ್ಲೇ ಹೇಳಿದೆ. ಕಾಸ್ಸೆಯವರು, ಅಂದರೆ ನಮ್ಮ ಪಬ್ಲಿಕ್ ಆರೋಗ್ಯ ವಿಮೆ ಕೊಡುವ ಕ್ರಾಂಕನ್‌ಕಾಸ್ಸೆಯವರು, ಇವತ್ತಿಗೂ 'ಕಡೆಯ ದಾರಿ' ಅನ್ನುವ ಆ ಮಾತನ್ನೇ ಹಿಡಿದುಕೊಂಡು ಕೂರುತ್ತಾರೆ. ಹೆಸರಲ್ಲೇ ಕಾಸಿದೆ, ಸುಲಭವಾಗಿ ಬಿಚ್ಚುತ್ತಾರಾ?

ಆ 'ಬೇರೆ ದಾರಿ'ಗೆ ಸಾಮಾನ್ಯವಾಗಿ ಆರು ತಿಂಗಳು ಬೇಕು. ಡಯಟ್ ಸಲಹೆಗಾರರ ಹತ್ತಿರ ಹೋಗಬೇಕು, ವ್ಯಾಯಾಮ ಮಾಡಬೇಕು, ಮನೋವೈದ್ಯರೋ ಮನಃಶಾಸ್ತ್ರಜ್ಞರೋ ಒಬ್ಬರ ಅಭಿಪ್ರಾಯ ಬೇಕು. ಥೈರಾಯ್ಡ್, ಕಾರ್ಟಿಸಾಲ್ ಇಂಥ ಹಾರ್ಮೋನ್ ಕಾರಣ ಇಲ್ಲ ಅಂತ ರಕ್ತಪರೀಕ್ಷೆ ಬೇಕು. ಎಲ್ಲದಕ್ಕೂ ತಾರೀಖು, ಸಹಿ, ಮೊಹರು. ಮಾಡಿದ್ದು ನಿಜವೇ ಆಗಿರಲಿ, ಕಾಗದದಲ್ಲಿ ಇಲ್ಲ ಅಂದರೆ ಇಲ್ಲಿ ಅದು ನಡೆದೇ ಇಲ್ಲ.

ನನ್ನ ಕಥೆ ಇದು. ಆಗ ನನ್ನ ತೂಕ 94, ಎತ್ತರ 158, ಜೊತೆಗೆ ಶುಗರ್ ಮತ್ತು ಬಿಪಿ. ನಮ್ಮ ಹೌಸ್‌ಆರ್ಟ್ಸ್ಟ್, ಅಂದರೆ ಮನೆ ಡಾಕ್ಟರು, ಬಹಳ ಒಳ್ಳೆಯ ಹೆಂಗಸು, ಅವರೇ ನನ್ನನ್ನು ಬೊಜ್ಜಿನ ಚಿಕಿತ್ಸಾ ಕೇಂದ್ರಕ್ಕೆ ಕಳಿಸಿದರು. ಡಯಟ್ ಸಲಹೆಗಾರ್ತಿ ಒಂದು ಡೈರಿ ಕೊಟ್ಟು, ತಿಂದದ್ದನ್ನೆಲ್ಲ ಗ್ರಾಂನಲ್ಲಿ ಬರೆಯಿರಿ ಅಂದರು. ನಾನು 'ಚಿತ್ರಾನ್ನ ಒಂದು ಬಟ್ಟಲು' ಅಂತ ಬರೆದಿದ್ದೆ. ಆಯಮ್ಮ ಕನ್ನಡಕ ಮೇಲೆತ್ತಿ, ಇದರಲ್ಲಿ ಎಣ್ಣೆ ಎಷ್ಟು ಅಂತ ಕೇಳಿದರು. ಒಗ್ಗರಣೆಗೆ ಎಣ್ಣೆಯನ್ನು ಯಾರು ಅಳೆದು ಹಾಕುತ್ತಾರೆ! ಮನೆಗೆ ಬಂದು ಬಾಟಲಿ ತೂಕ ನೋಡಿದೆ, ಒಗ್ಗರಣೆ ಹಾಕಿದೆ, ಮತ್ತೆ ತೂಕ ನೋಡಿದೆ. 46 ಗ್ರಾಂ. ಇಬ್ಬರ ಊಟಕ್ಕೆ. ಸುಮ್ನೆ ನಗಬೇಡಿ, ನೀವೂ ಒಮ್ಮೆ ಮಾಡಿ ನೋಡಿ. ಮುದ್ದೆಯನ್ನು ಮಾತ್ರ ಅವರು ಬೇಗ ಅರ್ಥ ಮಾಡಿಕೊಂಡರು. "ಓ, ಕ್ನ್ಯೋಡೆಲ್!" ಅಂದರು. ಬವೇರಿಯಾದವರಿಗೆ ಉಂಡೆ ಅಂದರೆ ಗೊತ್ತು.

ನಾಲ್ಕು ತಿಂಗಳು ಚೆನ್ನಾಗಿ ನಡೆಯಿತು. ಆಮೇಲೆ ತಮ್ಮನ ಮದುವೆ ಅಂತ ದಾವಣಗೆರೆಗೆ ಹೋದೆ, ಐದು ವಾರ. ಮದುವೆ ಮನೆಯಲ್ಲಿ ಡೈರಿ ಬರೆಯುವವರು ಯಾರು? ಹೋಳಿಗೆಯನ್ನು ಗ್ರಾಂನಲ್ಲಿ ಬರೆಯಲು ನನಗೇ ಮನಸ್ಸು ಬರಲಿಲ್ಲ. ವಾಪಸ್ ಬಂದು ಉಳಿದ ಎರಡು ತಿಂಗಳು ಮುಗಿಸಿ ಅರ್ಜಿ ಹಾಕಿದೆವು.

ಕಾಸ್ಸೆ ಇಂಥ ಅರ್ಜಿಯನ್ನು ಮೂರು ವಾರದಲ್ಲಿ ತೀರ್ಮಾನಿಸಬೇಕು. ವೈದ್ಯಕೀಯ ತನಿಖಾ ವಿಭಾಗದ ಅಭಿಪ್ರಾಯ ಕೇಳಿದರೆ ಐದು ವಾರ. ನನಗೆ ನಾಲ್ಕನೇ ವಾರದಲ್ಲಿ ಬೂದು ಬಣ್ಣದ ಲಕೋಟೆ ಬಂತು. ಆರು ತಿಂಗಳ ಪ್ರಯತ್ನ ನಿರಂತರವಾಗಿಲ್ಲ, ಆದ್ದರಿಂದ ಬೇರೆ ದಾರಿ ಮುಗಿದಿಲ್ಲ. ಅಷ್ಟೇ. ಶುಗರ್ ಬಗ್ಗೆ ಒಂದು ಮಾತಿಲ್ಲ. ಅಡುಗೆಮನೆಯಲ್ಲಿ ನಿಂತು ಓದಿ ಅಲ್ಲೇ ಅತ್ತೆ. ಗಂಡ ಸಮಾಧಾನ ಮಾಡಿದರು. ಅಮ್ಮ ಫೋನಿನಲ್ಲಿ, "ಒಳ್ಳೇದೇ ಆಯ್ತು ಬಿಡು, ಎರಡು ತುತ್ತು ಕಡಿಮೆ ಉಂಡ್ರೆ ಆಗಲ್ವಾ" ಅಂದರು. ಅದು ಇನ್ನೂ ಜಾಸ್ತಿ ನೋವಾಯಿತು.

ಇಲ್ಲಿ ಬಹಳ ಜನ ಬಿಟ್ಟುಬಿಡುತ್ತಾರೆ. ನೀವು ಬಿಡಬೇಡಿ. 'ಇಲ್ಲ' ಅಂತ ಬಂದ ಕಾಗದ ಕೈಗೆ ಸಿಕ್ಕ ಮೇಲೆ ಒಂದು ತಿಂಗಳೊಳಗೆ ಆಕ್ಷೇಪಣೆ ಹಾಕಬಹುದು. ಇದಕ್ಕೆ ಇಲ್ಲಿ ವೀಡರ್‌ಶ್ಪ್ರುಖ್ ಅನ್ನುತ್ತಾರೆ. ಮೊದಲು ಎರಡು ಸಾಲು ಸಾಕು: ನಿಮ್ಮ ತೀರ್ಮಾನ ಒಪ್ಪುವುದಿಲ್ಲ, ಕಾರಣ ಆಮೇಲೆ ಕಳಿಸುತ್ತೇನೆ, ತನಿಖಾ ವಿಭಾಗದ ಅಭಿಪ್ರಾಯದ ಪ್ರತಿ ಕೊಡಿ. ಸಹಿ ಹಾಕಿ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಕಳಿಸಿ, ಈಮೇಲ್ ಬೇಡ. ಆ ಪ್ರತಿ ಬಂದಾಗಲೇ ನನಗೆ ಗೊತ್ತಾಗಿದ್ದು, ಅವರು ನೋಡಿದ್ದು ಡೈರಿಯ ಖಾಲಿ ಪುಟಗಳನ್ನು ಮಾತ್ರ ಅಂತ. ನಂತರ ಮತ್ತೆ ಮೂರು ತಿಂಗಳು ಡೈರಿ ಬರೆದೆ. ಸಲಹೆಗಾರ್ತಿಯಿಂದ ಪತ್ರ ತೆಗೆದುಕೊಂಡೆ. ಒಂದೂ ತಪ್ಪದೆ ಹೋದ ನೀರಿನ ವ್ಯಾಯಾಮದ ಹಾಜರಿ ಹಾಳೆ ಇತ್ತು. ಎಪ್ಪತ್ತು ದಾಟಿದ ಅಜ್ಜಿಯರ ನಡುವೆ ನಾನೊಬ್ಬಳೇ ಸೊಂಟ ಹಿಡಿದುಕೊಂಡು ನಿಲ್ಲುತ್ತಿದ್ದೆ. ಸರ್ಜನ್ ಕೂಡ ಶುಗರ್ ಬಗ್ಗೆ ಒಂದು ಪುಟ ಬರೆದುಕೊಟ್ಟರು. ಎಲ್ಲ ಸೇರಿಸಿ ಕಳಿಸಿದ ಮೇಲೆ 'ಆಗಲಿ' ಅಂತ ಬಂತು. ಆಗಿರದಿದ್ದರೆ ಸಾಮಾಜಿಕ ನ್ಯಾಯಾಲಯಕ್ಕೆ ಹೋಗುತ್ತಿದ್ದೆ. ವಿಮೆದಾರರಿಗೆ ಅಲ್ಲಿ ಕೋರ್ಟ್ ಶುಲ್ಕ ಇಲ್ಲ. ವಿಡಿಕೆ ಅನ್ನುವ ಸಂಘಕ್ಕೆ ಸದಸ್ಯರಾದರೆ ಅವರ ವಕೀಲರು ಇಂಥ ಕೇಸ್ ನೋಡಿಕೊಳ್ಳುತ್ತಾರೆ.

ಈಗೀಗ ಕೆಲವು ಆಸ್ಪತ್ರೆಗಳು ಷರತ್ತೆಲ್ಲ ಸರಿ ಇದ್ದರೆ ಮುಂಚಿತ ಅರ್ಜಿಯೇ ಇಲ್ಲದೆ ಆಪರೇಷನ್ ಮಾಡುತ್ತವೆ. ಮೊದಲ ಭೇಟಿಯಲ್ಲೇ ಕೇಳಿ. ಆದರೂ ಕಾಗದ ಅಷ್ಟೇ ಬೇಕು, ನಂತರ ತನಿಖೆಗೆ ಬಂದರೆ ಅವರೂ ಅದನ್ನೇ ತೋರಿಸಬೇಕು.

ಖರ್ಚು? ಆಸ್ಪತ್ರೆಯಲ್ಲಿ ದಿನಕ್ಕೆ 10 ಯೂರೋ, ವರ್ಷಕ್ಕೆ ಹೆಚ್ಚೆಂದರೆ 28 ದಿನ. ನಾನು ಐದು ದಿನಕ್ಕೆ 50 ಯೂರೋ ಕೊಟ್ಟೆ. ಡಯಟ್ ಸಲಹೆಗೆ ಸ್ವಲ್ಪ ಕೈಯಿಂದ ಹೋಯಿತು. ಆಮೇಲಿನ ವಿಟಮಿನ್ ಮಾತ್ರೆ ಜೀವನಪರ್ಯಂತ, ಅದು ನಮ್ಮದೇ ಖರ್ಚು. ಸಸ್ಯಾಹಾರಿಯಾದರೆ ಬಿ12 ಮೇಲೆ ಕಣ್ಣಿಡಿ. ನಮ್ಮಲ್ಲಿ ಅದು ಮೊದಲೇ ಕಡಿಮೆ ಇರುತ್ತದೆ ಅಲ್ವಾ.

ನಿಮಗೆ ಇನ್ನೊಂದು ವಿಷಯ, ಹೊಸಬರಾದ್ದರಿಂದ. ಕೆಲಸದ ಪ್ರೊಬೇಷನ್ ಆರು ತಿಂಗಳು ಅಂದಿರಿ. ಆ ಅವಧಿಯಲ್ಲಿ ಎರಡು ವಾರದ ನೋಟಿಸ್ ಕೊಟ್ಟು ಕಳಿಸಬಹುದು. ಹಾಗಾಗಿ ಆರು ತಿಂಗಳ ಪ್ರಯತ್ನವನ್ನು ಈಗಲೇ ಶುರು ಮಾಡಿ, ಆಪರೇಷನ್ ಪ್ರೊಬೇಷನ್ ಮುಗಿದ ಮೇಲೆ ಇಟ್ಟುಕೊಳ್ಳಿ. ತಾನಾಗಿಯೇ ಕೂಡಿ ಬರುತ್ತದೆ. ಕಾಯಿಲೆ ರಜೆಗೆ ಆರು ವಾರದವರೆಗೆ ಪೂರ್ತಿ ಸಂಬಳ ಬರುತ್ತದೆ. ರಜೆಯ ಚೀಟಿಯಲ್ಲಿ ಕಾಯಿಲೆ ಏನೆಂದು ಕಂಪನಿಗೆ ಕಾಣುವುದಿಲ್ಲ, ಆ ಭಯ ಬೇಡ. ಸಂಬಳ ಜಾಸ್ತಿ ಇದೆ ಅಂತ ಪ್ರೈವೇಟ್ ವಿಮೆ ಮಾರಲು ಬಂದವರಿಗೆ ಈಗ ಬಾಗಿಲು ತೆರೆಯಬೇಡಿ. ಅವರು ಹಳೆಯ ಕಾಯಿಲೆಗಳನ್ನು ಕೇಳಿ ನಿರಾಕರಿಸಬಹುದು. ಪಬ್ಲಿಕ್‌ನವರು ನಿಮ್ಮ ತೂಕ ನೋಡಿ ಬೇಡ ಅನ್ನುವಂತಿಲ್ಲ.

ಇಂಜೆಕ್ಷನ್ ಬಗ್ಗೆ ಕೇಳಿದ್ದೀರಿ. ವೆಗೋವಿ 2023ರಿಂದ ಇಲ್ಲಿ ಸಿಗುತ್ತದೆ, ಆದರೆ ತೂಕ ಇಳಿಸಲು ಅಂತ ತೆಗೆದುಕೊಂಡರೆ ಪಬ್ಲಿಕ್ ವಿಮೆ ಕೊಡುವುದಿಲ್ಲ. ತೂಕ ಇಳಿಸುವ ಔಷಧಿಯನ್ನು ಕಾನೂನೇ ಹೊರಗಿಟ್ಟಿದೆ. ಕತ್ತರಿಗೆ ದುಡ್ಡು ಕೊಡುತ್ತಾರೆ, ಸೂಜಿಗೆ ಕೊಡುವುದಿಲ್ಲ. ನನಗೆ ಇದು ಇವತ್ತಿಗೂ ಅರ್ಥವಾಗಿಲ್ಲ.

ಬೆಂಗಳೂರು? ಅಲ್ಲಿ ಒಳ್ಳೆಯ ಸರ್ಜನ್‌ಗಳಿದ್ದಾರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಭಾರತದ ವಿಮಾ ನಿಯಮದಲ್ಲೂ ಬಿಎಂಐ 40, ಅಥವಾ 35ರ ಜೊತೆ ತೀವ್ರ ಕಾಯಿಲೆ ಇರಬೇಕು. ಇಲ್ಲಿನ ಕಾಸ್ಸೆ ಅಲ್ಲಿನ ಬಿಲ್ ಕೊಡುವುದಿಲ್ಲ. ಮತ್ತೆ ಆಪರೇಷನ್ ಒಂದು ದಿನದ್ದು, ಅದರ ನಂತರದ ತಪಾಸಣೆ ವರ್ಷಗಟ್ಟಲೆಯದು. ನೀವು ಇರುವುದು ಸ್ಟುಟ್‌ಗಾರ್ಟ್‌ನಲ್ಲಿ.

ಹೇಗಿರುತ್ತದೆ ಅಂತಲೂ ಕೇಳಿದ್ದೀರಿ. ಮೊದಲ ವಾರ ತಿಳಿಸಾರು, ನೀರು ಮಜ್ಜಿಗೆ, ಚಮಚದಲ್ಲಿ. ಆಮೇಲೆ ನುಣ್ಣಗೆ ಕಡೆದ ಹೆಸರುಬೇಳೆ. ನನಗಾದದ್ದು ಹೊಟ್ಟೆಯ ಬೈಪಾಸ್ ಆಪರೇಷನ್, ಹೃದಯದ್ದಲ್ಲ. ಅದಾದ ಮೇಲೆ ಒಮ್ಮೆ ಅವಸರದಲ್ಲಿ ಒಂದು ತುಂಡು ಮೈಸೂರು ಪಾಕ್ ತಿಂದು ಸೋಫಾದಲ್ಲಿ ಬೆವರಿ ಮಲಗಿದ್ದೆ, ಎದೆ ಡವಡವ ಅನ್ನುತ್ತಿತ್ತು. ಈಗ ತೂಕ 68ರ ಆಸುಪಾಸಿನಲ್ಲಿದೆ, ಶುಗರ್ ಮಾತ್ರೆ ನಿಂತಿದೆ.

ಸೋಮವಾರ ಹೌಸ್‌ಆರ್ಟ್ಸ್ಟ್ ಹತ್ತಿರ ಹೋಗಿ ತೂಕ, ಎತ್ತರ, ಬಿಪಿ ಬರೆಸಿ. ಗೊರಕೆಗೆ ನಿದ್ರೆ ಪರೀಕ್ಷೆಯ ಚೀಟಿ ಕೇಳಿ, ಅದು ಫೈಲಿಗೆ ಬಹಳ ತೂಕ ಕೊಡುತ್ತದೆ. ಡೈರಿ ಅವತ್ತೇ ಶುರು ಮಾಡಿ. ಮುದ್ದೆ ಬರೆಯುವಾಗ ಹಿಟ್ಟಿನ ತೂಕವೋ ಬೆಂದ ಮುದ್ದೆಯ ತೂಕವೋ ಅಂತ ಸ್ಪಷ್ಟವಾಗಿ ಬರೆಯಿರಿ. ನಾನು ಮೊದಲ ತಿಂಗಳು ಪೂರ್ತಿ ಬೆಂದ ಮುದ್ದೆಯನ್ನು ಹಿಟ್ಟು ಅಂತ ಬರೆದಿದ್ದೆ. ಆ ಸಲಹೆಗಾರ್ತಿ, ನೀವು ಇಷ್ಟೊಂದು ಹೇಗೆ ತಿನ್ನುತ್ತೀರಿ ಅಂತ ಗಾಬರಿಯಾಗಿ ಫೋನೇ ಮಾಡಿದ್ದರು.